ಗೇಜು ಕಲ್ಲಿಲ್ಲದ ನೀರು

ಹತ್ತೊಂಬತ್ತು ವರ್ಷದಲ್ಲಿ ನಾನು ಹಾಕಿದ ಮೊದಲ ಗಳಿಕೆ ರಜೆ.
ಕಾರಣ ಎಂಬಲ್ಲಿ ಏನು ಬರೆಯಲಿ ಎಂದು
ಪಾಂಡವಪುರದ ಆಫೀಸಿನಲ್ಲಿ ಪೆನ್ನು ಹಿಡಿದು ಕೂತೆ.
ಮದುವೆಯಲ್ಲ, ಆಪರೇಷನ್ನಲ್ಲ, ತಿಥಿಯಲ್ಲ.
‘ಸಮುದ್ರ’ ಅಂತ ಬರೆದೆ.
ಇಂಜಿನಿಯರು ಕನ್ನಡಕ ಮೇಲೇರಿಸಿ,
“ಏನಮ್ಮ ಜಯಶೀಲ, ನಾಲೆ ನೀರು ಸಾಲದಾಯ್ತೇ?” ಅಂದರು.

ಐದು ದಿನ. ತಂಗಿ ಚಂದ್ರಿ ಮಾಲ್ಟಾದಲ್ಲಿ ನರ್ಸು.
ಟಿಕೆಟ್ಟು ಅವಳದು, ಸ್ವೆಟರು ಎರವಲು,
ಚೀಲದಲ್ಲಿ ಎರಡು ಕೆಜಿ ಅಚ್ಚು ಬೆಲ್ಲ.

ವಲೆಟ್ಟಾ ಎಂಬ ಊರು ಬೆಲ್ಲದ ಬಣ್ಣದ್ದೇ.
ಮನೆ, ಕೋಟೆ, ಬೀದಿ ಎಲ್ಲ
ಒಂದೇ ಕೊಪ್ಪರಿಗೆಯಿಂದ ಅಚ್ಚಿಗೆ ಹುಯ್ದಂತೆ.
ಅದರ ಮೇಲೆ ಬಿಸಿಲು, ನಮ್ಮದೇ ಬಿಸಿಲು,
ಆದರೆ ಯಾರ ಗದ್ದೆಯ ಮೇಲೂ ಬೀಳದ್ದರಿಂದ
ನೋಡಲಿಕ್ಕೆ ಚಂದ.
ಗೋಡೆಯ ಪಕ್ಕ ಪಾಪಾಸುಕಳ್ಳಿ ಕಂಡು
“ಅಯ್ಯೋ, ನೀನೂ ಬಂದ್ಯಾ?” ಅಂದೆ.
ನಮ್ಮಲ್ಲಿ ಆಡು ಕಾಯುವ ಹುಡುಗರು ತಿಂದು,
ತುಟಿ ಕೆಂಪಾಗಿ ಬೈಸಿಕೊಳ್ಳುವ ಹಣ್ಣು
ಅಲ್ಲಿ ತಟ್ಟೆಯಲ್ಲಿ ಕೂತು ಬೆಲೆ ಹೇಳುತ್ತಿತ್ತು.

ಮೊದಲ ಸಂಜೆ ಬಂದರಿನ ಮೆಟ್ಟಿಲಲ್ಲಿ ನಿಂತಾಗ
ಕಣ್ಣು ತಾನಾಗಿ ಹುಡುಕಿದ್ದು ಗೇಜು ಕಲ್ಲನ್ನು.
ಅಡಿ, ಅಂಗುಲ, ಕಪ್ಪು ಬಿಳಿ ಪಟ್ಟೆ
ಎಲ್ಲೂ ಇಲ್ಲ.
ತೂಬಿಲ್ಲ, ಗೇಟಿಲ್ಲ, ಬೀಗದ ಕೈಯಿಲ್ಲ,
ಮೇಲ್ಭಾಗದವರು, ಕೊನೆಭಾಗದವರು ಎಂದಿಲ್ಲ.
ಇಷ್ಟು ನೀರಿಗೆ ಯಾರು ಸೌಡಿ?
ರಾತ್ರಿ ಎರಡಕ್ಕೆ ಯಾರ ಫೋನು ಯಾರಿಗೆ,
“ಅಕ್ಕ, ನೀರ್ ಬಂದಿಲ್ಲ ಕಣಕ್ಕ, ಪೈರು ಬೆಂದೋಯ್ತದೆ” ಎಂದು?

“ಇದು ಹೆಚ್ಚು ಏರಲ್ಲ, ಇಳಿಯಲ್ಲ,
ಅಂಗೈ ಅಗಲ, ಅಷ್ಟೇ” ಅಂದಳು ಚಂದ್ರಿ.
ಹಾಗಾದರೆ ರಿಜಿಸ್ಟರಿನಲ್ಲಿ ದಿನವೂ ಒಂದೇ ಅಂಕಿ.
ಪುಣ್ಯವಂತರು, ಅಂದುಕೊಂಡೆ.
ಆಮೇಲೆ ತಿಳಿಯಿತು: ಕುಡಿಯುವುದಕ್ಕೆ
ಇದೇ ಉಪ್ಪುನೀರನ್ನು ಯಂತ್ರದಲ್ಲಿ ಹಿಂಡುತ್ತಾರಂತೆ.
ಸುತ್ತ ನೀರು, ಬಾಯಿಗೆ ಲೆಕ್ಕದ ಲೋಟ.

ದೋಣಿಗಳ ಮೂತಿಗೆ ಕಣ್ಣು ಬರೆದಿದ್ದರು, ದೃಷ್ಟಿಗೆ.
ಎರಡು ದಿನ ಆ ಕಣ್ಣು ನನ್ನನ್ನೇ ನೋಡಿ,
ಮೂರನೆಯ ದಿನ ಇಳಿದೆ.
ಸೀರೆ ಎತ್ತಿ ಕಟ್ಟಿ, ಕಳೆ ಕೀಳುವಾಗ ಕಟ್ಟುವ ಹಾಗೆ.
ಕೈಯಲ್ಲಿ ಟಾರ್ಚಿಲ್ಲ, ಗುದ್ದಲಿಯಿಲ್ಲ.
ನೀರಿನಲ್ಲಿ ಕೆಲಸವಿಲ್ಲದೆ ನಿಂತದ್ದು
ನನ್ನ ನಲವತ್ತೆಂಟು ವರ್ಷಕ್ಕೆ ಅದೇ ಮೊದಲು.
ಏನು ಮಾಡಬೇಕೋ ತಿಳಿಯಲಿಲ್ಲ.
ಅವನು ಹೋದ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ನೌಕರಿ ನನ್ನದು.
ಅನುಕಂಪ ಹೀಗೂ ಇರುತ್ತದೆ,
ಮಂಡಿಮಟ್ಟ, ಬೆಚ್ಚಗೆ, ಮರಣಪತ್ರದ ನಕಲು ಕೇಳದೆ,
ಎಂದು ಯಾರೂ ಹೇಳಿರಲಿಲ್ಲ.

ಗಾಳ ಹಾಕಿ ಕೂತಿದ್ದ ಮುದುಕನಿಗೆ ಒಂದು ಅಚ್ಚು ಕೊಟ್ಟೆ.
ಮೂಸಿದ, ಕಚ್ಚಿದ, ಕಣ್ಣು ಮುಚ್ಚಿದ.
ಅವನ ಭಾಷೆಯಲ್ಲಿ ಏನೋ ಕೇಳಿದ.
ನಾನು “ಮಂಡ್ಯ” ಅಂದೆ.
ಅವನು ಸಮುದ್ರದ ಕಡೆ ಕೈ ತೋರಿ ತಲೆಯಾಡಿಸಿದ,
ಅದು ಅಲ್ಲೇ ಸ್ವಲ್ಪ ಆಚೆಗೆ ಎಂಬಂತೆ.

ಸೋಮವಾರ ಬೆಳಿಗ್ಗೆ ಆರು. ಮತ್ತೆ ನಾಲೆ ಏರಿ.
ನನ್ನ ಬದಲು ನೋಡಿಕೊಂಡ ಪುಟ್ಟಮಾದ
ಐದು ದಿನಕ್ಕೂ ಒಂದೇ ಅಂಕಿ ಬರೆದಿಟ್ಟಿದ್ದಾನೆ:
ನಾಲ್ಕಡಿ ಎರಡಂಗುಲ.
ಬಗ್ಗಿ ನೋಡಲೇ ಇಲ್ಲ, ಕಳ್ಳ.
ಬೈಯಬೇಕಿತ್ತು. ಬೈಯಲಿಲ್ಲ.
ಆ ಐದು ದಿನ ಎಲ್ಲೋ ಒಂದು ಕಡೆ
ನೀರು ಹಾಗೇ ಇತ್ತು ಎಂಬುದಕ್ಕೆ ಸಾಕ್ಷಿ ನಾನೇ.
ಕಲ್ಲಿನ ಪಾಚಿ ಉಜ್ಜಿದೆ.
ಮೂರಡಿ ಒಂಬತ್ತು. ಇಳಿಯುತ್ತಿದೆ.

ಫೋನು. ಕೊನೆಭಾಗದ ಚಿಕ್ಕಬೋರಯ್ಯ.
“ಎಲ್ಲೋಗಿದ್ದೆ ಅಕ್ಕ?”
“ನೀರ್ ನೋಡಕ್ಕೆ.”
ಒಂದು ಗಳಿಗೆ ಸುಮ್ಮನಿದ್ದು ಕೇಳಿದ:
“ಅಲ್ಲಾದ್ರೂ ಬಂದಿತ್ತಾ?”